ನಾಲ್ಕು ಎಳೆಯ ಪ್ರಾರ್ಥನೆ

ಗುಳೇದಗುಡ್ಡದಲ್ಲಿ ನಮ್ಮದೊಂದು ಚಿಕ್ಕ ಖಣದ ಅಂಗಡಿ. ಖಣ ಅಂದರೆ ಕುಪ್ಪಸದ ಬಟ್ಟೆ. ಮುಂಜಾನೆ ಶಟರ್ ಎತ್ತುವ ಮೊದಲು ಅರ್ಧ ತಾಸು ಬೈಬಲ್ ಹಿಡಿದು ಕೂರುತ್ತೇನೆ. ಮೊದಲೆಲ್ಲ ಒಂದು ಅಧ್ಯಾಯ ಓದಿ, ಕಣ್ಣು ಮುಚ್ಚಿ, ನನ್ನ ತಪ್ಪುಗಳನ್ನೆಲ್ಲ ಒಪ್ಪಿಸಿ ಎದ್ದುಬಿಡುತ್ತಿದ್ದೆ. ಎದ್ದಾಗ ಮನಸ್ಸು ಕೂತಾಗಿನಕ್ಕಿಂತ ಭಾರವಾಗಿರುತ್ತಿತ್ತು.

ಜರ್ಮನಿಯ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ 1535ರಲ್ಲಿ ಬರೆದ ಒಂದು ಪತ್ರ ಇದನ್ನು ಬದಲಿಸಿತು. ವಿಟೆನ್‌ಬರ್ಗ್‌ನಲ್ಲಿ ಅವರಿಗೆ ಕ್ಷೌರ ಮಾಡುತ್ತಿದ್ದ ಪೀಟರ್‌ಗಾಗಿ, ಪ್ರಾರ್ಥನೆ ಮಾಡುವುದು ಹೇಗೆ ಅಂತ ಬರೆದ ಪತ್ರ ಅದು. ಕ್ಷೌರದ ಕತ್ತಿ ಹಿಡಿದವನ ಕಣ್ಣು ಕತ್ತಿಯ ಮೇಲೇ ಇರಬೇಕು, ಪ್ರಾರ್ಥನೆಯೂ ಹಾಗೇ ಅನ್ನುತ್ತಾರೆ. ಆಮೇಲೆ ತಮ್ಮದೇ ರೂಢಿ ಹೇಳುತ್ತಾರೆ. ಬೈಬಲ್‌ನ ಹತ್ತು ಆಜ್ಞೆಗಳಲ್ಲಿ ಒಂದನ್ನು ತಗೊಂಡು ನಾಲ್ಕು ಎಳೆಯ ಹಾರ ಹೆಣೆಯುವುದು. ಇದು ನನಗೆ ಏನು ಕಲಿಸುತ್ತದೆ? ಇದಕ್ಕಾಗಿ ಏನೆಂದು ಸ್ತೋತ್ರ, ಅಂದರೆ ಕೃತಜ್ಞತೆ, ಹೇಳಲಿ? ನಾನು ಎಲ್ಲಿ ತಪ್ಪಿದ್ದೇನೆ? ಈಗ ಏನು ಬೇಡಲಿ?

ನೇಕಾರರ ಊರಿನವನಿಗೆ ಎಳೆಯ ಮಾತು ಬೇಗ ಹತ್ತುತ್ತದೆ. ಆದರೆ ಸ್ತೋತ್ರದ ಎಳೆ ಪಾಪದ ಅರಿಕೆಗಿಂತ ಮೊದಲಿದೆ ಅನ್ನೋದು ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ನಾನು ಸ್ತೋತ್ರ ಬಿಟ್ಟು ನೇರ ಮೂರನೆಯದಕ್ಕೆ ಹಾರುತ್ತಿದ್ದೆ. ಭಾರ ಅದರಿಂದಲೇ.

ಒಂದು ದಿನ ‘ಕದಿಯಬಾರದು’ ಅನ್ನೋ ಆಜ್ಞೆ ತೆಗೆದೆ. ನಾವು ಎಂಟನೆಯದು ಅಂತ ಎಣಿಸುತ್ತೇವೆ, ಲೂಥರ್ ಅವರ ಎಣಿಕೆಯಲ್ಲಿ ಏಳನೆಯದು. 1529ರ ‘ಚಿಕ್ಕ ಪ್ರಶ್ನೋತ್ತರ’ ಅನ್ನೋ ತಮ್ಮ ಧರ್ಮಬೋಧೆಯ ಪುಸ್ತಕದಲ್ಲಿ ಇದಕ್ಕೆ ಅವರು ಕೊಡುವ ಅರ್ಥ ವ್ಯಾಪಾರಿಗೆ ನೇರ ತಾಗುತ್ತದೆ: ಕೆಟ್ಟ ಮಾಲು ಕೊಟ್ಟು ದುಡ್ಡು ತಗೊಳ್ಳೋದೂ ಕಳ್ಳತನ. ಅಷ್ಟಕ್ಕೇ ನಿಲ್ಲುವುದಿಲ್ಲ. ನೆರೆಯವರ ಆಸ್ತಿ, ದುಡಿಮೆ ಉಳಿದು ಬೆಳೆಯಲು ನೆರವಾಗಬೇಕು.

ಅವತ್ತು ಮೊದಲು ಸ್ತೋತ್ರವನ್ನೇ ಹೇಳಿದೆ. ಅಂಗಡಿಗೆ, ಉದ್ರಿ ಕೊಡುವ ನೇಕಾರರಿಗೆ, ನನ್ನ ಗಲ್ಲಾಪೆಟ್ಟಿಗೆಯನ್ನೂ ಈ ಆಜ್ಞೆ ಕಾಯುತ್ತದೆ ಅನ್ನೋದಕ್ಕೆ. ಕೊಡುವ ತಂದೆಯ ಮುಂದೆ ಕೂತಿದ್ದೇನೆ ಅಂತ ಗಟ್ಟಿಯಾದ ಮೇಲೆ ಮೂರನೇ ಎಳೆಗೆ ಬಂದೆ. ಆಗ ಹಿಂದೊಮ್ಮೆ ಮಾರಿದ್ದ ತೇರಿನ ಚಿತ್ತಾರದ ಖಣವೊಂದು ಕಣ್ಣ ಮುಂದೆ ಬಂತು. ಅಂಚಿನ ಹತ್ತಿರ ಎಳೆ ತಪ್ಪಿತ್ತು. ಗೊತ್ತಿದ್ದೂ ಆ ಭಾಗ ಒಳಗೆ ಮಡಚಿ, ನಮ್ಮ ಓಣಿಯ ಮುದುಕಿಯೊಬ್ಬರಿಗೆ ಪೂರ್ತಿ ರೇಟಿಗೆ ಮಾರಿದ್ದೆ. ನಾಲ್ಕನೇ ಎಳೆಗೆ ಹೋಗಲೇ ಇಲ್ಲ. ಪವಿತ್ರಾತ್ಮನು ಒಂದು ಕಡೆ ಮಾತಾಡಲು ಶುರು ಮಾಡಿದರೆ ಉಳಿದದ್ದು ಬಿಟ್ಟು ಸುಮ್ನೆ ಕೇಳು ಅಂತ ಲೂಥರ್ ಅವರೇ ಬರೆದಿದ್ದಾರೆ.

ಖಣ ಬದಲಿಸಿ ಕೊಟ್ಟು ಕ್ಷಮೆ ಗಳಿಸಬೇಕು ಅಂತ ಅನಿಸಲಿಲ್ಲ. ಕ್ರಿಸ್ತನು ಅದನ್ನು ಆಗಲೇ ಕೊಟ್ಟಿದ್ದಾನೆ. ಅದಕ್ಕೇ ಅಲ್ವಾ ಕಾಲು ಎದ್ದದ್ದು. ಹಿಂದಿನ ಭಾರದಲ್ಲಾದರೆ ಮುಖ ಮರೆಸಿಕೊಂಡು ತಿರುಗುತ್ತಿದ್ದೆ.

ಹೊಸ ಖಣ ಹಿಡಿದು ಅವರ ಮನೆಗೆ ಹೋದೆ. ಆ ಅವ್ವ ಹಳೇದನ್ನು ಟ್ರಂಕಿನಿಂದ ತೆಗೆದು, ತಪ್ಪಿದ ಎಳೆಯ ಮೇಲೇ ಬೆರಳಿಟ್ಟು ತೋರಿಸಿದರು.

“ಅವತ್ತಾ ನೋಡೇನಿ ತಮ್ಮಾ. ನೀನಾಗೇ ಹೇಳ್ತಿ ಅಂತ ಸುಮ್ನಿದ್ದೆ.”

ಮರುದಿನ ಮುಂಜಾನೆ ಅದೇ ಆಜ್ಞೆ ಮತ್ತೆ ತೆಗೆದೆ. ಸ್ತೋತ್ರದ ಎಳೆಗೆ ಬಂದಾಗ ಮೊದಲು ಹೇಳಿದ್ದು ಆ ಅವ್ವನ ಹೆಸರು.