ದಸರಾ ಮಳೆಗೂ ಮೆತ್ತಗಾಗದ ರಾಗಿ ಬಿಸ್ಕತ್ತು: ನನ್ನ ಅನುಭವ

ರಾಗಿ, ಬೆಲ್ಲ, ತುಪ್ಪ. ಮೈದಾ ಇಲ್ಲ, ಸಕ್ಕರೆ ಇಲ್ಲ. ಮಾಡಿದ ಹನ್ನೆರಡನೇ ದಿನವೂ ಮುರಿದರೆ ಟಕ್ ಅನ್ನಬೇಕು, ಅದೂ ಮಳೆಯಲ್ಲಿ. ಆಗಲ್ಲ ಅಂದವರು ಒಬ್ಬಿಬ್ಬರಲ್ಲ. ನಮ್ಮ ಬಡಾವಣೆಯ ಬೇಕರಿಯವರು "ಬೆಲ್ಲ ಹಾಕಿದ್ಮೇಲೆ ಮೂರೇ ದಿನ ಕಣಮ್ಮ, ನಾಲ್ಕನೇ ದಿನ ಚಪಾತಿ" ಅಂದಿದ್ದರು. ನಮ್ಮತ್ತೆ ಅಷ್ಟು ಮಾತೂ ಖರ್ಚು ಮಾಡಲಿಲ್ಲ. "ರಾಗೀಲಿ ರೊಟ್ಟಿ ತಟ್ಟು, ತಿಂತೀವಿ" ಅಂದರು ಅಷ್ಟೇ. 2025ರ ದಸರೆಗೆ ಸುಮಾರು 22 ಕೆಜಿ ಮಾಡಿ ಮಾರಿದೆ. ಒಂದು ಡಬ್ಬವೂ ವಾಪಸ್ ಬರಲಿಲ್ಲ. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ಶುರುವಾಗಿದ್ದು ಬೊಂಬೆಯಿಂದ. ಮೈಸೂರಲ್ಲಿ ಬೊಂಬೆ ಕೂರಿಸಿದ ಮೇಲೆ ಸಾಯಂಕಾಲ ಮಕ್ಕಳ ದಂಡು ಬರುತ್ತದೆ, ಬೊಂಬೆ ಬಾಗಿನ ಕೊಡಬೇಕು. ದಿನಾ ಕೋಡುಬಳೆ ಕರಿದು ಸಾಕಾಗಿತ್ತು. ಮನೆಯಲ್ಲಿ 28 ಲೀಟರಿನ ಓಟಿಜಿ (ಕರೆಂಟಿನ ಸಣ್ಣ ಓವನ್) ಇತ್ತು, ಹುಟ್ಟುಹಬ್ಬಕ್ಕೊಂದು ಕೇಕ್ ಬಿಟ್ಟರೆ ಸುಮ್ನೆ ಕೂತಿರುತ್ತಿತ್ತು. 2022ರಲ್ಲಿ ಮೊದಲ ಸಲ ರಾಗಿ ಬಿಸ್ಕತ್ತು ಮಾಡಿದೆ. ಎರಡೇ ದಿನಕ್ಕೆ ಮೆತ್ತಗೆ. ಒಂದು ಹುಡುಗ ಬಾಯಿಗೆ ಹಾಕಿಕೊಂಡವನು ಹಾಗೇ ತೆಗೆದು ಜೇಬಿಗಿಟ್ಟುಕೊಂಡ. ಪಾಪ, ಉಗಿಯೋಕೆ ಸಂಕೋಚ.

2023ರಲ್ಲಿ ಅಳತೆ ಬದಲಾಯಿಸಿದೆ, ತುಪ್ಪ ಜಾಸ್ತಿ ಮಾಡಿದೆ. ಹತ್ತು ದಿನ ಗರಿಗರಿಯಾಗಿಯೇ ಇತ್ತು. ಗೆದ್ದೆ ಅಂದುಕೊಂಡು 2024ಕ್ಕೆ ಆರ್ಡರ್ ತೆಗೆದುಕೊಂಡೆ, ಕೆಜಿಗೆ 360 ರೂಪಾಯಿ. ಒಂಬತ್ತು ಕೆಜಿ ಹೋಯಿತು. ಆ ಸಲ ಮಳೆ ಹಿಡಿಯಿತು. ನಾಲ್ಕು ಕೆಜಿ ವಾಪಸ್. ದುಡ್ಡು ಹಿಂದಕ್ಕೆ ಕೊಟ್ಟು, ಎರಡು ಮನೆಗೆ ಬದಲಿಗೆ ಚಕ್ಕುಲಿ ಮಾಡಿಕೊಟ್ಟು, ಎಲ್ಲ ಸೇರಿ ಸಾವಿರದ ನಾನೂರು ರೂಪಾಯಿ ಕೈಬಿಟ್ಟಿತು. ಯೋಚನೆ ಮಾಡಿದಾಗ ಹೊಳೆದಿದ್ದು ಇಷ್ಟು: 2023 ಬರಗಾಲದ ವರ್ಷ. ಗೆದ್ದಿದ್ದು ನನ್ನ ಅಳತೆಯಲ್ಲ, ಒಣ ಹವೆ.

ಆಮೇಲೆ ಬೆಲ್ಲದ ಹಿಂದೆ ಬಿದ್ದೆ. ನನ್ನ ತವರು ಪಾಂಡವಪುರದ ಕಡೆ, ಬೆಲ್ಲಕ್ಕೇನೂ ಬರವಿಲ್ಲ. ಅಣ್ಣ ಆಲೆಮನೆಯಿಂದ ಮೂರು ತರದ್ದು ತಂದುಕೊಟ್ಟ. ನೋಡೋಕೆ ಚೆಂದದ ಹಳದಿ ಬೆಲ್ಲ ಬೇಡ ಅಂದೆ, ಆ ಬಣ್ಣ ಹೈಡ್ರೋಸ್ ಅನ್ನೋ ಬಿಳುಪು ಮಾಡುವ ರಾಸಾಯನಿಕ ಹಾಕಿ ಬರೋದು. ಕಪ್ಪು ಬೆಲ್ಲ ರುಚಿ, ಆದರೆ ಹೊಸದಾದರೆ ತಟ್ಟೆಯಲ್ಲಿಟ್ಟ ಒಂದು ರಾತ್ರಿಗೇ ಬೆವರುತ್ತದೆ. ಅಣ್ಣ ಒಂದು ಅಚ್ಚು ತೆಗೆದು ಕಲ್ಲಿಗೆ ಕುಟ್ಟಿದ. ಮೆತ್ತಗೆ ಜಜ್ಜಿಹೋಯಿತು. ಇನ್ನೊಂದು ಕುಟ್ಟಿದ, ಎರಡು ಹೋಳಾಗಿ ಸಿಡಿಯಿತು, ಒಳಗೆ ಹರಳು ಮಿಂಚಿತು. "ಇದು ತಗೊಂಡು ಹೋಗು, ಇನ್ಮೇಲೆ ಇಂಥದ್ದೇ ಆರಿಸ್ಕೋ" ಅಂದ. ಅವತ್ತಿನಿಂದ ಅಂಗಡಿಯಲ್ಲೂ ಕುಟ್ಟಿಯೇ ತರುತ್ತೇನೆ. ಸಂತೇಪೇಟೆ ಅಂಗಡಿಯವರಿಗೆ ಈಗ ಅಭ್ಯಾಸವಾಗಿದೆ.

ಬೆಲ್ಲದ ನೀರು ಪೂರ್ತಿ ಹೋಗಲಿ ಅಂತ ಒಂದು ಸಲ ಚಿಕ್ಕಿ ಪಾಕದಷ್ಟು ಗಟ್ಟಿ ಪಾಕ ತೆಗೆದು, ಆರಿಸಿ, ಪುಡಿ ಮಾಡಿ ಹಿಟ್ಟಿಗೆ ಸೇರಿಸಿದೆ. ಗರಿಗರಿ ಏನೋ ಬಂತು. ಅತ್ತೆಯವರ ಕಟ್ಟಿಸಿದ ಹಲ್ಲು ಅಲುಗಾಡಿತು. ಆ ಖರ್ಚನ್ನು ಬಿಸ್ಕತ್ತಿನ ಲೆಕ್ಕಕ್ಕೆ ಸೇರಿಸಿಲ್ಲ. ಮನೆಯಲ್ಲಿದ್ದ ರಾಗಿ ಹುರಿಹಿಟ್ಟಿನಲ್ಲೂ ಮಾಡಿದೆ. ಘಮ ಅದ್ಭುತ, ಆದರೆ ಎಷ್ಟು ತುಪ್ಪ ಹಾಕಿದರೂ ಕುಡಿಯುತ್ತದೆ, ಕೈಗೆತ್ತಿಕೊಂಡರೆ ಪುಡಿ. ನಂಜನಗೂಡು ರಸಬಾಳೆ ಹಾಕಿ ಕೇಕ್ ಮಾಡುವ ಹುಚ್ಚೂ ಹಿಡಿದಿತ್ತು. ಒಲೆಯಲ್ಲಿ ಬೆಂದ ಮೇಲೆ ಅದಕ್ಕೂ ಮಾಮೂಲಿ ಬಾಳೆಹಣ್ಣಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ರಸಬಾಳೆ ಸುಲಿದು ತಿನ್ನೋಕೆ ಇರೋದು, ಬಿಟ್ಟುಬಿಡಿ.

ಕೊನೆಗೆ ನಿಂತ ಅಳತೆ ಹೀಗಿದೆ. ರಾಗಿ ಹಿಟ್ಟು 300 ಗ್ರಾಂ, ಗೋಧಿ ಹಿಟ್ಟು 200, ಬೆಲ್ಲದ ಪುಡಿ 220, ತುಪ್ಪ 240ರ ಆಸುಪಾಸು. ಹಾಲು ಮೂರು ನಾಲ್ಕು ಚಮಚ, ಅದಕ್ಕಿಂತ ಒಂದು ಹನಿ ಜಾಸ್ತಿ ಬೇಡ. ಸೋಡಾ ಕಾಲು ಚಮಚಕ್ಕೂ ಕಡಿಮೆ. ಏಲಕ್ಕಿ ಜೊತೆ ಇನ್ನೊಂದು ಸಾಮಾನು ಹಾಕುತ್ತೇನೆ, ಅದು ನನ್ನಲ್ಲೇ ಇರಲಿ. ರಾಗಿ ಹಿಟ್ಟನ್ನು ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವ ತನಕ ಹುರಿಯಬೇಕು. ತುರಿದ ಬೆಲ್ಲವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಓಟಿಜಿಯ ಬಾಗಿಲಿಗೆ ಮರದ ಸೌಟು ಸಿಕ್ಕಿಸಿ, ತೀರಾ ಕಡಿಮೆ ಬಿಸಿಯಲ್ಲಿ ಒಣಗಿಸಿ, ಆರಿದ ತಕ್ಷಣ ಮಿಕ್ಸಿಗೆ ಹಾಕಬೇಕು. ಒಂದು ಸಲಕ್ಕೆ 65 ಬಿಸ್ಕತ್ತು ಬರುತ್ತದೆ, 900 ಗ್ರಾಂ ಹತ್ತಿರ.

160 ಡಿಗ್ರಿಯಲ್ಲಿ 16ರಿಂದ 18 ನಿಮಿಷ. ಇಲ್ಲಿಯವರೆಗೆ ಎಲ್ಲರೂ ಮಾಡುವುದೇ. ಪೂರ್ತಿ ಆರಿದ ಮೇಲೆ ಮತ್ತೆ ಒಳಗಿಡಬೇಕು, 110 ಡಿಗ್ರಿ, 25 ನಿಮಿಷ. ರಸ್ಕ್ ಮಾಡುವವರು ಬ್ರೆಡ್ಡಿಗೆ ಮಾಡುವ ಕೆಲಸ ಇದು, ನಾನು ಬಿಸ್ಕತ್ತಿಗೆ ಮಾಡಿದೆ. ಮೊದಲ ಸಲ ಅಂಚು ಗಟ್ಟಿಯಾಗಿ ನಡುವೆ ಪಸೆ ಉಳಿದಿರುತ್ತದೆ. ಮಾಡಿದ ದಿನ ಗೊತ್ತಾಗಲ್ಲ, ಮಾರನೇ ದಿನ ಆ ಪಸೆ ಅಂಚಿಗೆಲ್ಲ ಹರಡುತ್ತದೆ. ಎರಡನೇ ಸಲ ಸುಡುವುದು ಬಣ್ಣಕ್ಕಲ್ಲ, ಆ ಪಸೆ ಓಡಿಸೋಕೆ. ಬಣ್ಣ ಬದಲಾಗುತ್ತಿದೆ ಅಂದರೆ ಉರಿ ಜಾಸ್ತಿಯಾಗಿದೆ ಅಂತ ಅರ್ಥ.

ಇಷ್ಟೆಲ್ಲ ಆಗಿಯೂ 2025ರಲ್ಲಿ ಪ್ರಾಯೋಗಿಕವಾಗಿ ಮಾಡಿದ ಮೊದಲ ಡಬ್ಬ ಮೆತ್ತಗಾಯಿತು! ತಲೆ ಕೆಟ್ಟುಹೋಯಿತು. ತಪ್ಪು ಬಿಸ್ಕತ್ತಿನದ್ದಲ್ಲ, ಹಬ್ಬದ ಕ್ಲೀನಿಂಗಿನದ್ದು. ನವರಾತ್ರಿಗೆ ಮುಂಚೆ ಅಡುಗೆಮನೆ ಪೂರ್ತಿ ತೊಳೆಯುವುದು ನಮ್ಮ ಮನೆ ಪದ್ಧತಿ. ಅಟ್ಟದಿಂದ ಡಬ್ಬಗಳನ್ನು ಇಳಿಸಿ, ಉಜ್ಜಿ, ಬಟ್ಟೆಯಲ್ಲಿ ಒರೆಸಿ ಜೋಡಿಸಿದ್ದೆ. ಬಿಸಿಲೇ ಇರಲಿಲ್ಲ. ಒಂದು ಮುಚ್ಚಳದ ಮಡಿಕೆಗೆ ಪಿನ್ನು ತೂರಿಸಿದೆ, ಸಾಲಾಗಿ ನೀರಿನ ಹನಿ ಬಂತು. ಅಷ್ಟೇ ಸಾಕು.

ಈಗ ತೊಳೆಯುವ ಕೆಲಸ ಹದಿನೈದು ದಿನ ಮುಂಚೆಯೇ ಮುಗಿಸುತ್ತೇನೆ. "ಪಿತೃಪಕ್ಷದಲ್ಲಿ ಯಾಕೆ ಈ ಗಲಾಟೆ" ಅಂತ ಅತ್ತೆ ಗೊಣಗಿದರು, ಗೊಣಗಲಿ. ಡಬ್ಬ, ಮುಚ್ಚಳ ಬೇರೆ ಬೇರೆ ಮಾಡಿ, ಸುಟ್ಟು ಮುಗಿದು ಆರುತ್ತಿರುವ ಓಟಿಜಿಯಲ್ಲಿ ಹತ್ತು ನಿಮಿಷ ಇಡುತ್ತೇನೆ. ಸ್ಟೀಲು, ತಗಡು ಮಾತ್ರ. ಪ್ಲಾಸ್ಟಿಕ್ ಮುಚ್ಚಳ ಇಟ್ಟು ಒಂದು ಕಳೆದುಕೊಂಡಿದ್ದೇನೆ. ಅಕ್ಕಿಯನ್ನು ಹುರಿದು, ಆರಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಡಬ್ಬದ ತಳಕ್ಕೆ.

ದುಡ್ಡಿನ ಮಾತು. ಒಂದು ಕೆಜಿ ಬಿಸ್ಕತ್ತಿಗೆ ತುಪ್ಪವೇ 180 ರೂಪಾಯಿ ತಿಂದಿತು. ಹಿಟ್ಟು, ಬೆಲ್ಲ, ಕರೆಂಟು, ಡಬ್ಬ ಸೇರಿ 290 ಆಯಿತು ಅಂತ ನೆನಪು. 360ಕ್ಕೆ ಮಾರಿದ್ದು ನನ್ನ ದಡ್ಡತನ. 2025ರಲ್ಲಿ 560 ಇಟ್ಟೆ, ಒಬ್ಬರು ಬಿಟ್ಟು ಯಾರೂ ಚೌಕಾಸಿ ಮಾಡಲಿಲ್ಲ. ಕೈಯಲ್ಲಿ ಆರು ಸಾವಿರದ ಹತ್ತಿರ ಉಳಿಯಿತು. ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಿ, ನಾನು ಮಾಡಿಸಿದಾಗ ವರ್ಷಕ್ಕೆ ನೂರೇ ರೂಪಾಯಿ.

ಆಯುಧಪೂಜೆ ದಿನ ಮಾತ್ರ ಸಿಕ್ಕಿಹಾಕಿಕೊಂಡೆ. ಮಿಕ್ಸಿ, ಗ್ರೈಂಡರ್ ಜೊತೆ ಅತ್ತೆ ಓಟಿಜಿಗೂ ಕುಂಕುಮ ಇಟ್ಟು, ಹೂ ಮುಡಿಸಿ, "ನಾಳೆವರೆಗೂ ಮುಟ್ಟೋ ಹಾಗಿಲ್ಲ" ಅಂದರು. ಎರಡು ಕೆಜಿ ಆರ್ಡರ್ ಬಾಕಿ ಇತ್ತು. ಮಾರನೇ ದಿನ, ವಿಜಯದಶಮಿಯ ಬೆಳಗ್ಗೆ ನಾಲ್ಕಕ್ಕೆ ಎದ್ದು, ನಿದ್ದೆಗಣ್ಣಲ್ಲಿ ಹೂ ತೆಗೆದು ಸ್ವಿಚ್ ಹಾಕಿದೆ. ಕುಂಕುಮ ಒರೆಸುವುದು ಮರೆತೇಹೋಗಿತ್ತು. ಬಾಗಿಲಿನ ಗಾಜಿನ ಮೇಲೆ ಆ ಮೂರು ಬೊಟ್ಟು ಸುಟ್ಟು ಕೂತಿವೆ. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುತ್ತಿಲ್ಲ.