ಮನೆಯನ್ನೂ ವ್ಯವಹಾರವನ್ನೂ ನಡೆಸಿದವರಿಗೆ ನುಡಿನಮನ ಬರೆಯುವ ಬಗೆ

2013ರ ಮಾರ್ಚ್‌ನಲ್ಲಿ ರಾಕೆಟ್ ವಿಜ್ಞಾನಿ ಇವೊನ್ ಬ್ರಿಲ್ ತೀರಿಕೊಂಡಾಗ ನ್ಯೂಯಾರ್ಕ್ ಟೈಮ್ಸ್ ಪ್ರಕಟಿಸಿದ ನಿಧನವಾರ್ತೆ ಅವರ ಕೈರುಚಿಯ ಹೊಗಳಿಕೆಯಿಂದ ಆರಂಭವಾಗಿತ್ತು. ಗಂಡನ ನೌಕರಿ ಬದಲಾದಂತೆಲ್ಲ ಅವರ ಜೊತೆ ಹೋದದ್ದು, ಮೂವರು ಮಕ್ಕಳಿಗಾಗಿ ಎಂಟು ವರ್ಷ ಕೆಲಸ ಬಿಟ್ಟದ್ದು ಮೊದಲು ಬಂದು, ಸಂಪರ್ಕ ಉಪಗ್ರಹಗಳು ಕಕ್ಷೆಯಿಂದ ಜಾರದಂತೆ ತಡೆಯುವ ಎಂಜಿನನ್ನು ರೂಪಿಸಿದ ಸಂಗತಿ ಎರಡನೆಯ ಪ್ಯಾರಾಕ್ಕೆ ಸರಿದಿತ್ತು. ಓದುಗರು ಆಕ್ಷೇಪಿಸಿದ ಮೇಲೆ ಪತ್ರಿಕೆ ಆ ಆರಂಭವನ್ನು ತಿದ್ದಿತು. ತಪ್ಪು ಇದ್ದದ್ದು ಎರಡು ಪ್ಯಾರಾಗಳ ನಡುವೆ ಬಂದು ಕುಳಿತ ‘ಆದರೆ’ ಎಂಬ ಮಾತಿನಲ್ಲಿ ಎಂಬುದು ನನ್ನ ಎಣಿಕೆ. ಮನೆ ಒಂದು ಕೋಣೆ, ಕೆಲಸ ಇನ್ನೊಂದು ಕೋಣೆ ಎಂದು ಬಗೆದು ಬರೆದರೆ, ಎರಡರಲ್ಲೂ ಒಟ್ಟಿಗೆ ಬದುಕಿದ ಮನುಷ್ಯರು ಬರಹದಿಂದ ಜಾರಿಹೋಗುತ್ತಾರೆ.

ಆದ್ದರಿಂದ ಬರೆಯಲು ಕೂರುವ ಮೊದಲು ಒಂದು ಹಾಳೆಯನ್ನು ಉದ್ದಕ್ಕೆ ಮಡಿಸಿ, ಎಡಕ್ಕೆ ಮದುವೆ, ಹೆರಿಗೆ, ಕಾಯಿಲೆ, ಹಿರಿಯರ ಆರೈಕೆ ಮುಂತಾದವುಗಳ ವರ್ಷಗಳನ್ನೂ, ಬಲಕ್ಕೆ ವ್ಯವಹಾರ ತೆರೆದದ್ದು, ಮೊದಲ ನೌಕರರನ್ನು ಸೇರಿಸಿಕೊಂಡದ್ದು, ಸಾಲ ಎತ್ತಿದ್ದು, ತೀರಿಸಿದ್ದು ಇವುಗಳ ವರ್ಷಗಳನ್ನೂ ಬರೆದುಕೊಳ್ಳಿ. ಎಡಬಲಗಳು ಒಂದೇ ವರ್ಷದಲ್ಲಿ ಎದುರುಬದುರಾಗುವ ಕಡೆ ನಿಮ್ಮ ಬರಹದ ತಿರುಳು ಇರುತ್ತದೆ. ನೆನಪನ್ನಷ್ಟೇ ನಂಬಬೇಡಿ, ಪಾಲುದಾರಿಕೆ ಪತ್ರ, ರಸೀದಿ, ದಿನಚರಿ, ಲೆಕ್ಕದ ಪುಸ್ತಕಗಳನ್ನು ಕೇಳಿ ಪಡೆಯಿರಿ. ನನ್ನ ಚಿಕ್ಕಮ್ಮನ ಕುರಿತು ಬರೆಯಬೇಕಾಗಿ ಬಂದಾಗ ಅವರ ಹಳೆಯ ಖಾತೆ ಪುಸ್ತಕದ ಒಂದು ಪುಟದಲ್ಲಿ, ಸರಕು ಕಳಿಸಿದವರಿಗೆ ಕೊಡಬೇಕಾದ ಬಾಕಿಯ ಪಕ್ಕದ ಅಂಚಿನಲ್ಲಿ, ಪೆನ್ಸಿಲ್‌ನಲ್ಲಿ ‘101.4, ರಾತ್ರಿ 2 ಗಂಟೆ’ ಎಂದು ಗೀಚಿದ್ದು ಕಂಡಿತು. ಅದು ಮಗಳ ಜ್ವರದ ಲೆಕ್ಕ. ಅದೇ ಪುಟದ ಕೆಳಗೆ ಆ ದಿನದ ಜಮಾಖರ್ಚು ತಾಳೆಯಾಗಿತ್ತು. ‘ಎರಡನ್ನೂ ಸಮರ್ಥವಾಗಿ ನಿಭಾಯಿಸಿದರು’ ಎಂದು ನಾನು ಅದಾಗಲೇ ಬರೆದಿಟ್ಟಿದ್ದ ವಾಕ್ಯವನ್ನು ಆಗ ಹೊಡೆದುಹಾಕಿದೆ.

ಜನರನ್ನು ಮಾತನಾಡಿಸುವಾಗ ‘ಅವರು ಹೇಗಿದ್ದರು’ ಎಂದು ಕೇಳಿದರೆ ‘ತುಂಬಾ ಒಳ್ಳೆಯವರು’ ಎಂಬ ಉತ್ತರ ಬಿಟ್ಟು ಬೇರೇನೂ ಸಿಗುವುದಿಲ್ಲ. ನಿಮ್ಮ ಮೇಲೆ ಅವರು ಸಿಟ್ಟಾದದ್ದು ಯಾವಾಗ, ಯಾವ ವ್ಯವಹಾರವನ್ನು ಬೇಡವೆಂದು ಬಿಟ್ಟರು, ಕಷ್ಟದ ತಿಂಗಳಲ್ಲಿ ಸಂಬಳ ಹೇಗೆ ಹೊಂದಿಸಿದರು ಎಂದು ನೌಕರರನ್ನೂ ಗಿರಾಕಿಗಳನ್ನೂ ಕೇಳಿ. ಸಾಧ್ಯವಾದರೆ ಪೈಪೋಟಿಯಲ್ಲಿದ್ದವರನ್ನೂ ಕೇಳಿ, ಏಕೆಂದರೆ ಅವರ ಮೆಚ್ಚುಗೆಯಲ್ಲಿ ಮುಲಾಜು ಕಡಿಮೆ. ಅಮ್ಮ ಇರಬೇಕಾಗಿದ್ದೂ ಇರಲಾಗದ ದಿನ ಯಾವುದು ಎಂದು ಮಕ್ಕಳನ್ನು ಕೇಳುವುದು ಕಷ್ಟ, ಆದರೂ ಕೇಳಬೇಕು. ಕೊರತೆಯನ್ನೆಲ್ಲ ಒರೆಸಿಬಿಟ್ಟರೆ ಆ ಬದುಕಿನಲ್ಲಿ ಅವರು ಮಾಡಿಕೊಂಡ ಆಯ್ಕೆಗಳೂ ಅಳಿಸಿಹೋಗುತ್ತವೆ. ಆದರೆ ಆ ಉತ್ತರವನ್ನು ಬರಹದಲ್ಲಿ ಬಳಸುವ ಮುನ್ನ ಮಕ್ಕಳ ಒಪ್ಪಿಗೆ ಪಡೆಯಿರಿ.

ಕ್ರಿಯಾಪದಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಪರವಾನಗಿ ಗಂಡನ ಹೆಸರಿನಲ್ಲಿದ್ದ ಮಾತ್ರಕ್ಕೆ ‘ಪತಿಯ ಉದ್ಯಮಕ್ಕೆ ನೆರವಾದರು’ ಎಂದು ಬರೆಯುವುದು ಬಹಳ ಸಲ ಸುಳ್ಳಾಗುತ್ತದೆ. ಬೆಲೆ ಕಟ್ಟುತ್ತಿದ್ದವರು ಯಾರು, ಸಾಲ ಕೊಟ್ಟವರ ಜೊತೆ ಮಾತಿಗೆ ಕೂತವರು ಯಾರು ಎಂದು ವಿಚಾರಿಸಿ, ಅವರೇ ಆಗಿದ್ದರೆ ‘ನಡೆಸಿದರು’ ಎಂದೇ ಬರೆಯಿರಿ. ‘ಮನೆಯನ್ನು ಎಂದೂ ಕಡೆಗಣಿಸದೆ’ ಎಂಬ ಹೊಗಳಿಕೆಯನ್ನು ಗಂಡಸಿನ ಕುರಿತು ನೀವು ಬರೆಯುತ್ತಿರಲಿಲ್ಲವಾದರೆ ಇಲ್ಲಿಯೂ ಅದನ್ನು ಬಿಡಿ.

ಓದಿ ಹೇಳುವ ಬರಹವಾದರೆ ಐದು ನಿಮಿಷ ಮೀರದಿರಲಿ. ದನಿ ಕಟ್ಟಿಕೊಂಡಾಗ ಉದ್ದ ವಾಕ್ಯಗಳು ಕೈಕೊಡುವುದರಿಂದ ಒಮ್ಮೆ ಗಟ್ಟಿಯಾಗಿ ಓದಿ ತುಂಡರಿಸಿಕೊಳ್ಳಿ. ತೀರದ ಸಾಲ, ನೌಕರರ ಸಂಬಳ, ಕಾಯಿಲೆಯ ವಿವರಗಳು ಸಭೆಯ ಮುಂದೆ ಬೇಡ. ಕರಡನ್ನು ಮನೆಯವರೊಬ್ಬರಿಗೂ ವ್ಯವಹಾರದಲ್ಲಿ ಜೊತೆಗಿದ್ದವರೊಬ್ಬರಿಗೂ ತೋರಿಸಿ. ಇಸವಿಗಳ ತಪ್ಪು ಹೆಚ್ಚಾಗಿ ಎರಡನೆಯವರ ಕಣ್ಣಿಗೆ ಬೀಳುತ್ತದೆ. ವ್ಯವಹಾರ ಮುಂದುವರಿಯುತ್ತದೆಯೇ, ಬೀಗದ ಕೈ ಈಗ ಯಾರ ಬಳಿ ಇದೆ ಎಂಬುದನ್ನೂ, ಹೇಳಲು ಮನೆಯವರು ಒಪ್ಪಿದರೆ, ಒಂದು ಸಾಲಿನಲ್ಲಿ ತಿಳಿಸಿ. ಕೇಳಲು ಬಂದವರಲ್ಲಿ ಅವರ ಗಿರಾಕಿಗಳೂ ಇರುತ್ತಾರೆ.