ಪಂಪಿಂಗ್ ಕಡಿಮೆ ಎಂದರೆ ಮನೆಯಲ್ಲಿ ಏನು ಮಾಡಬೇಕು?

ಮಾವನವರ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಿನಲ್ಲಿ ಹೃದಯದ ಪಂಪಿಂಗ್ 30 ಪರ್ಸೆಂಟ್ ಎಂದು ಬರೆದಿತ್ತು. ‘ಎಪ್ಪತ್ತು ಪರ್ಸೆಂಟ್ ಹೋಗೇಬಿಟ್ಟಿತಲ್ಲೇ’ ಎಂದು ಅತ್ತೆ ಅಡುಗೆಮನೆಯಲ್ಲಿ ಕೂತು ಅತ್ತರು. ಲೆಕ್ಕ ಹಾಗಲ್ಲ. ಗಟ್ಟಿ ಹೃದಯ ಕೂಡ ಒಂದು ಬಡಿತಕ್ಕೆ ತನ್ನಲ್ಲಿ ತುಂಬಿದ ರಕ್ತವನ್ನೆಲ್ಲ ಹೊರಗೆ ತಳ್ಳುವುದಿಲ್ಲ. ಸುಮಾರು 55ರಿಂದ 70 ಪರ್ಸೆಂಟ್ ತಳ್ಳುತ್ತದೆ, ಅಷ್ಟೇ. ಈ ಕಾಯಿಲೆಗೆ ಇರುವ ಹಾರ್ಟ್ ಫೇಲ್ಯೂರ್ ಎಂಬ ಹೆಸರು ಕೇಳಿದರೆ ಹೃದಯ ನಿಂತೇಹೋಯಿತು ಅನ್ನಿಸುತ್ತದೆ. ನಿಂತಿಲ್ಲ, ಸೋತಿದೆ. ಪಂಪು ಸೋತರೆ ಕಾಲಿನಲ್ಲಿ, ಹೊಟ್ಟೆಯಲ್ಲಿ, ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ. ಆ ನೀರನ್ನು ಬೇಗ ಪತ್ತೆ ಹಚ್ಚುವುದೇ ಮನೆಯವರ ಕೆಲಸ. ಮನೆಯಲ್ಲಿ ಇಬ್ಬರೇ ವಯಸ್ಸಾದವರು ಇದ್ದರೂ ಇದು ಆಗುವ ಕೆಲಸವೇ.

ಮೊದಲು ತೂಕದ ಮಷೀನ್ ತನ್ನಿ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ ಹತ್ತಿ ನಿಲ್ಲಬೇಕು. ದಿನಾ ಅದೇ ಥರದ ತೆಳು ಬಟ್ಟೆ. ಮಷೀನನ್ನು ಸಮತಟ್ಟಾದ ಒಂದೇ ಜಾಗದಲ್ಲಿ ಇಡಿ. ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ನಮ್ಮ ಮನೆಯಲ್ಲಿ ‘ರೀ, ಹತ್ತಿದ್ರಾ?’ ಎಂದು ಕೇಳಿಯೇ ಅತ್ತೆ ಡಿಕಾಕ್ಷನ್ ಇಳಿಸುವುದು. ಒಂದು ದಿನದಲ್ಲಿ 1 ಕೆಜಿಗಿಂತ ಜಾಸ್ತಿ, ಇಲ್ಲವೇ ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಊಟದ ತೂಕವಲ್ಲ, ನೀರು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ನಿಮ್ಮ ಡಾಕ್ಟರು ಬೇರೆ ಅಂಕಿ ಹೇಳಿದ್ದರೆ ಅದನ್ನೇ ಹಿಡಿಯಿರಿ.

ಆಮೇಲೆ ಕಾಲು. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ ಬಾವು ಇದೆ. ರಾತ್ರಿ ಒಂದು ದಿಂಬು ಸಾಕಾಗಿದ್ದವರು ಮಲಗಿದರೆ ಉಸಿರು ಕಟ್ಟಿದಂತಾಗಿ ಎರಡು, ಮೂರು ಕೇಳಲು ಶುರು ಮಾಡಿದರೆ ಅದನ್ನೂ ಬರೆಯಿರಿ. ಇದು ಪಕ್ಕದಲ್ಲಿ ಮಲಗುವವರಿಗೇ ಮೊದಲು ಗೊತ್ತಾಗುವುದು. ರೋಗಿ ‘ಏನಿಲ್ಲ, ಗ್ಯಾಸ್’ ಎಂದೇ ಹೇಳುತ್ತಾರೆ.

ಇನ್ನು ಉಪ್ಪು. ಜಗಳ ಇರುವುದೇ ಇಲ್ಲಿ. ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಎಲ್ಲರ ಅಡುಗೆಗೂ ಉಪ್ಪು ಇಳಿಸಿಬಿಡಿ. ಒಬ್ಬರಿಗೆ ಸಪ್ಪೆ ಸಾರು ಬಡಿಸಿ ಇನ್ನೊಬ್ಬರು ಪಕ್ಕದಲ್ಲೇ ರುಚಿಯಾಗಿ ಉಣ್ಣುವುದು ನ್ಯಾಯ ಅಲ್ಲ, ಅಲ್ವಾ? ಮೊದಲ ಎರಡು ಮೂರು ವಾರ ಕಷ್ಟ, ಆಮೇಲೆ ನಾಲಿಗೆ ಒಗ್ಗುತ್ತದೆ. ನಿಂಬೆಹಣ್ಣು, ಜೀರಿಗೆ, ಮೆಣಸು, ಬೆಳ್ಳುಳ್ಳಿ ಒಗ್ಗರಣೆ ಕೈಹಿಡಿಯುತ್ತವೆ. ಸಾರಿಗಿಂತ ಪಕ್ಕದ ತಟ್ಟೆಯೇ ಅಪಾಯ: ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು, ಅಂಗಡಿಯ ಖಾರ. ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ, ಬುರಬುರ ಕರಗುವ ಗ್ಯಾಸಿನ ಪುಡಿಯಲ್ಲೂ ಇದೆ. ಸೈಂಧವ ಲವಣ ಒಳ್ಳೆಯದು ಎಂದು ಯಾರಾದರೂ ತಂದುಕೊಟ್ಟರೆ ನಂಬಬೇಡಿ, ಅದೂ ಉಪ್ಪೇ. ‘ಲೋ ಸೋಡಿಯಂ’ ಉಪ್ಪಿನ ಕಥೆ ಬೇರೆ. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ. ಹೃದಯದ ಕೆಲವು ಮಾತ್ರೆಗಳ ಜೊತೆ ಅದು ರಕ್ತದಲ್ಲಿ ಏರಿ ಬಡಿತವನ್ನೇ ಕೆಡಿಸಬಹುದು. ಡಾಕ್ಟರನ್ನು ಕೇಳದೆ ತರಬೇಡಿ.

ಕುಡಿಯುವ ನೀರಿಗೂ ಡಾಕ್ಟರು ಮಿತಿ ಹಾಕಿದ್ದರೆ ಅತ್ತೆಯ ಉಪಾಯ ಮಾಡಿ. ದಿನಕ್ಕೆ ಒಂದೂವರೆ ಲೀಟರ್ ಎಂದಿದ್ದರೆ ಬೆಳಿಗ್ಗೆ ಅಷ್ಟು ನೀರನ್ನು ಬಾಟಲಿಗೆ ತುಂಬಿಡಿ. ಕಾಫಿ, ಮಜ್ಜಿಗೆ, ಸಾರು ಕುಡಿದಾಗಲೆಲ್ಲ ಅಷ್ಟೇ ಅಳತೆ ನೀರನ್ನು ಬಾಟಲಿಯಿಂದ ತುಳಸಿಗೆ ಹಾಕಿ. ಬಾಟಲಿ ಖಾಲಿಯಾದರೆ ಅವತ್ತಿನ ಲೆಕ್ಕ ಮುಗಿಯಿತು.

ಮಾತ್ರೆಗೆ ವಾರದ ಡಬ್ಬಿ ಸಾಕು. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕುವ ನೀರಿನ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆಗೇ ಬರೆದುಕೊಡುತ್ತಾರೆ, ಇಲ್ಲದಿದ್ದರೆ ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ. ಮದುವೆಗೆ ಹೋಗುವ ದಿನ ಅದನ್ನು ತಪ್ಪಿಸುವುದು ಎಲ್ಲರೂ ಮಾಡುವ ತಪ್ಪು. ಎಷ್ಟು ಹೊತ್ತಿಗೆ ತೆಗೆದುಕೊಳ್ಳಬಹುದು ಎಂದು ಕೇಳಿಕೊಳ್ಳಿ, ಬಿಡಬೇಡಿ. ವಾಂತಿ, ಭೇದಿ ಆದ ದಿನ ಮಾತ್ರ ಮಾತ್ರೆ ನುಂಗುವ ಮೊದಲೇ ಫೋನ್ ಮಾಡಿ. ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫಿನಾಕ್, ಐಬುಪ್ರೊಫೇನ್ ತಂದು ನುಂಗಬೇಡಿ. ಅವು ದೇಹದಲ್ಲಿ ನೀರನ್ನು ಹಿಡಿದಿಡುತ್ತವೆ.

ನಡೆಯುವುದನ್ನು ನಿಲ್ಲಿಸಬೇಡಿ. ನಡೆಯುತ್ತಾ ಮಾತಾಡಲು ಆಗಬೇಕು, ಅಷ್ಟು ನಿಧಾನ. ಕೂತಲ್ಲೇ ಏದುಸಿರು, ಎದೆನೋವು, ತಲೆ ಸುತ್ತಿ ಬೀಳುವುದು, ಗುಲಾಬಿ ಬಣ್ಣದ ನೊರೆಕಫ, ಇವುಗಳಲ್ಲಿ ಒಂದು ಇದ್ದರೂ ಮಗನಿಗೆ ಆಮೇಲೆ ಹೇಳಿ, ಮೊದಲು 108ಕ್ಕೆ ಫೋನ್ ಮಾಡಿ. ಆ ಹೊತ್ತಿನಲ್ಲಿ ಹುಡುಕಾಡದಂತೆ ರಿಪೋರ್ಟು, ಮಾತ್ರೆ ಚೀಟಿ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ. ಬಚ್ಚಲಿನ ಚಿಲಕ ಒಳಗಿಂದ ಹಾಕುವುದನ್ನೂ ಬಿಡಿ.

ಇನ್ನೊಂದನ್ನು ನಾವು ತಡವಾಗಿ ಕಲಿತೆವು. ಮಾವನವರ ಡಬ್ಬಿ ತುಂಬುತ್ತಾ ತುಂಬುತ್ತಾ ಅತ್ತೆ ತಮ್ಮ ಬಿಪಿ ಮಾತ್ರೆಯನ್ನೇ ಎರಡು ತಿಂಗಳು ಮರೆತಿದ್ದರು. ಈಗ ಅತ್ತೆಯ ಡಬ್ಬಿ ತುಂಬುವುದು ಮಾವನವರ ಕೆಲಸ. ಭಾನುವಾರ ಮಧ್ಯಾಹ್ನ ಕನ್ನಡಕ ಹಾಕಿಕೊಂಡು, ಚೀಟಿ ನೋಡಿ ನೋಡಿ ತುಂಬುತ್ತಾರೆ. ಅರ್ಧ ಗಂಟೆ ಬೇಕು.